ಅಣ್ಣನ ಹೆಸರಿನ ಪುಟ

ನಾನು ಲೆಕ್ಕ ಬರೆಯುವವನು. ಬಳ್ಳಾರಿಯ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿ, ಅಲ್ಲಿ 26 ವರ್ಷದಿಂದ ಗುಮಾಸ್ತ. ಈಗ ಎಲ್ಲಾ ಕಂಪ್ಯೂಟರಿನ ಟ್ಯಾಲಿಯಲ್ಲೇ ಆಗುತ್ತದೆ, ಆದರೂ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದ ಖಾತೆ ಪುಸ್ತಕ ನನ್ನ ಡ್ರಾಯರಿನಲ್ಲಿ ಇದೆ. ಅದು ಅಂಗಡಿಯದ್ದಲ್ಲ, ನನ್ನದು. ಮನೆ ಬಾಡಿಗೆ, ಮಗನ ಫೀಸು, ಹೆಂಡತಿಯ ಚೀಟಿ ದುಡ್ಡು, ಚರ್ಚಿಗೆ ಕೊಟ್ಟ ಕಾಣಿಕೆ, ಎಲ್ಲಾ ಅದರಲ್ಲಿ. 41ನೇ ಪುಟದ ತಲೆಯ ಮೇಲೆ ನಮ್ಮಣ್ಣನ ಹೆಸರಿದೆ.

ಆ ಪುಟದ ಕಥೆ ಹೇಳಬೇಕೆಂದರೆ ಟಿಪ್ಪರ್ ಲಾರಿಯಿಂದ ಶುರು ಮಾಡಬೇಕು.

ಬಳ್ಳಾರಿಯವರಿಗೆ ಆ ಕಾಲ ಗೊತ್ತಿದೆ. ಚೀನಾದವರು ಅದಿರು ಕೊಳ್ಳುತ್ತಿದ್ದಾರೆ, ಸಂಡೂರಿನ ಗುಡ್ಡ ಅಗೆದಷ್ಟೂ ದುಡ್ಡು, ಊರಲ್ಲಿ ಯಾರನ್ನು ಕೇಳಿದರೂ ಲಾರಿ ಮಾತು. ಹೋಟೆಲಿನಲ್ಲಿ ಟೀ ಕುಡಿಯುವಾಗ, ಚರ್ಚಿನ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ, ಸಾವಿನ ಮನೆಯಲ್ಲಿ ಕೂಡ. ನಮ್ಮಣ್ಣ ಅಲ್ಲಿವರೆಗೆ ಒಂದು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. 2009ರಲ್ಲಿ ಅವನೂ ಒಂದು ಟಿಪ್ಪರ್ ತಗೊಂಡ. ಸಾಲ ಒಂದು ಫೈನಾನ್ಸಿನದು, ಜಾಮೀನು ನನ್ನದು. ಸಹಿ ಹಾಕುವಾಗ ನನ್ನ ಹೆಂಡತಿ ಒಂದೇ ಮಾತು ಹೇಳಿದಳು, ‘ಬೈಬಲಿನ ಜ್ಞಾನೋಕ್ತಿಯಲ್ಲಿ ಹೊಣೆ ನಿಲ್ಲಬೇಡ ಅಂತ ಎಷ್ಟು ಸಲ ಬರೆದಿದೆ ನೋಡಿದ್ದೀರಾ?’ ನೋಡಿದ್ದೆ. ಆದರೆ ಸ್ವಂತ ಅಣ್ಣ ಅಲ್ವಾ, ಸಹಿ ಹಾಕಿದೆ.

2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ, ಆ ಗುಡ್ಡಗಳ ಗತಿ ನೋಡಿದವರು ಬೇರೆ ಮಾತು ಆಡಲಾರರು. ಆದರೆ ಕೋಟಿ ತಿಂದವರು ತಿಂದಾಗಿತ್ತು, ಸಿಕ್ಕಿಬಿದ್ದದ್ದು ಒಂದು ಲಾರಿ ಎರಡು ಲಾರಿಯವರು. ರಸ್ತೆ ಪಕ್ಕ ಸಾಲುಸಾಲಾಗಿ ಟಿಪ್ಪರುಗಳು ನಿಂತವು, ಟೈರಿನ ಸುತ್ತ ಜಾಲಿ ಬೆಳೆಯಿತು. ಅಣ್ಣ ಕಂತು ಕಟ್ಟಲಿಲ್ಲ. ಕಟ್ಟುವುದಕ್ಕೆ ಏನೂ ಇರಲಿಲ್ಲ ಅನ್ನುವುದು ಬೇರೆ ಮಾತು, ಆದರೆ ನನಗೆ ಒಂದು ಸಲ ಬಂದು ಹೇಳಬಹುದಿತ್ತು. ಹೇಳಲಿಲ್ಲ. ಫೋನು ಎತ್ತಲಿಲ್ಲ. ಫೈನಾನ್ಸಿನ ಹುಡುಗರು ನೇರ ನಮ್ಮ ಅಂಗಡಿಗೆ ಬಂದು, ಸಾಹುಕಾರರ ಎದುರಿಗೆ, ಹಮಾಲರ ಎದುರಿಗೆ, ನನ್ನ ಹೆಸರು ಹಿಡಿದು ಕೂಗಿದರು. ಲಾರಿ ಎಳೆದುಕೊಂಡು ಹೋಗಿ ಮಾರಿದ ಮೇಲೂ ಬಾಕಿ ಉಳಿದದ್ದು 1,80,000 ರೂಪಾಯಿ. ಹೆಂಡತಿಯ ಬಳೆ, ಸರ ಮಾರಿ 2012ರ ಡಿಸೆಂಬರಿನಲ್ಲಿ ಕಟ್ಟಿದೆ. ಆವತ್ತು ರಾತ್ರಿಯೇ 41ನೇ ಪುಟ ತೆರೆದೆ.

ನಾವೆ ಬದಿಯಲ್ಲಿ, ಅಂದರೆ ಅವನು ಕೊಡಬೇಕಾದ್ದನ್ನು ಬರೆಯುವ ಕಡೆ, 1,80,000 ಬರೆದೆ. ಬಡ್ಡಿ ನೂರಕ್ಕೆ ಒಂದು ರೂಪಾಯಿ, ತಿಂಗಳಿಗೆ 1,800, ವರ್ಷಕ್ಕೆ 21,600. ಪ್ರತಿ ಡಿಸೆಂಬರ್ 31ಕ್ಕೆ, ಹೊಸ ವರ್ಷದ ರಾತ್ರಿ ಆರಾಧನೆಗೆ ಹೋಗುವ ಮುಂಚೆ, ಆ ವರ್ಷದ ಬಡ್ಡಿ ಸೇರಿಸಿ ಬರೆಯುತ್ತಿದ್ದೆ. ಚಕ್ರಬಡ್ಡಿ ಹಾಕಲಿಲ್ಲ, ಅಷ್ಟು ದಯೆ ಇತ್ತು ನನ್ನಲ್ಲಿ.

ಅಣ್ಣನ ಜೊತೆ ಮಾತು ನಿಂತಿತು. ಜಗಳ ಇಲ್ಲ, ಬೈಗುಳ ಇಲ್ಲ, ಸುಮ್ನೆ ನಿಂತಿತು. ಅವ್ವ ಅವನ ಮನೆಯಲ್ಲೇ ಇದ್ದಳು, ಕೌಲ್ ಬಜಾರಿನ ಹಳೇ ಮನೆ. ಭಾನುವಾರ ಅವನು ಹೊರಗೆ ಹೋಗುವ ಹೊತ್ತು ನೋಡಿಕೊಂಡು ನಾನು ಹೋಗುತ್ತಿದ್ದೆ. ಒಂದು ಡಜನ್ ಬಾಳೆಹಣ್ಣು, ಅರ್ಧ ಗಂಟೆ, ವಾಪಸ್.

2020ರ ಜನವರಿಯಲ್ಲಿ ಅವ್ವನಿಗೆ ಪಾರ್ಶ್ವವಾಯು ಆಯಿತು. ಬಲಗೈ ಬಲಗಾಲು ಹೋದವು, ಮಾತು ಅರ್ಧ ಉಳಿಯಿತು. ಎರಡು ತಿಂಗಳಲ್ಲಿ ಲಾಕ್‌ಡೌನ್. ಆಮೇಲಿನದನ್ನು ಮುಂದೆ ಹೇಳುತ್ತೇನೆ.

2024ರ ಡಿಸೆಂಬರಿನಲ್ಲಿ ಅಣ್ಣನ ಮಗಳು ಫೋನ್ ಮಾಡಿದಳು. ಜನವರಿಯಲ್ಲಿ ಅವಳ ಮದುವೆ. ‘ಚಿಕ್ಕಪ್ಪ, ಮದುವೆ ಆರಾಧನೆಯಲ್ಲಿ ವಾಕ್ಯ ನೀವೇ ಓದಬೇಕು, ನಿಮ್ಮ ಧ್ವನಿ ಚೆನ್ನಾಗಿದೆ’ ಅಂದಳು. ಯಾವ ವಾಕ್ಯ ಅಂತ ಕೇಳುವ ಅಗತ್ಯವೇ ಇರಲಿಲ್ಲ. ನಮ್ಮಲ್ಲಿ ಹತ್ತು ಮದುವೆಯಾದರೆ ಒಂಬತ್ತರಲ್ಲಿ ಅದೇ, ಬೈಬಲಿನಲ್ಲಿ ಅಪೊಸ್ತಲ ಪೌಲ ಗ್ರೀಸಿನ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ. ಪ್ರೀತಿಯ ಅಧ್ಯಾಯ. ಕಾರ್ಡಿನ ಮೇಲೆ ಅಚ್ಚು ಹಾಕಿಸುತ್ತಾರೆ, ಫ್ಲೆಕ್ಸಿನಲ್ಲಿ ಗುಲಾಬಿ ಹೂವಿನ ನಡುವೆ ಬರೆಸುತ್ತಾರೆ. ಹುಡುಗಿಗೆ ಇಲ್ಲ ಅನ್ನಲಾಗಲಿಲ್ಲ. ಅವಳು ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಕೋಟೆ ಗುಡ್ಡ ನೋಡಿದವಳು.

ಊರಿನ ಹೆಮ್ಮೆಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಅಧ್ಯಾಯವನ್ನು ನಾವು ಕನ್ನಡದಲ್ಲಿ ಓದುತ್ತೇವಲ್ಲ, ಆ ಕೆಲಸದ ಬೇರು ಬಳ್ಳಾರಿಯಲ್ಲಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು, ಇಲ್ಲೇ ಕನ್ನಡ ಕಲಿತು ಸತ್ಯವೇದ, ಅಂದರೆ ಬೈಬಲ್, ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಅವರ ಜೊತೆಗಾರ ವಿಲಿಯಂ ರೀವ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಎಲ್ಲರೂ ಹೇಳುವ ಕಿಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಬಂದದ್ದು ಅದಾದ 62 ವರ್ಷಕ್ಕೆ, 1894ರಲ್ಲಿ. ಮಂಗಳೂರಿನವರು ಬೇಜಾರು ಮಾಡಿಕೊಳ್ಳಬಾರದು.

ಸರಿ, ಓದುವ ಅಭ್ಯಾಸ ಶುರು ಮಾಡಿದೆ. ಮಧ್ಯಾಹ್ನ ಊಟದ ನಂತರ ಅಂಗಡಿಯಲ್ಲಿ ಜನ ಇರುವುದಿಲ್ಲ. ಮೆಣಸಿನಕಾಯಿ ಚೀಲಗಳಿಗೆ ಒರಗಿ ಹಮಾಲರು ನಿದ್ದೆ ಮಾಡುತ್ತಿರುತ್ತಾರೆ. ಆ ಘಾಟಿಗೆ ಹೊಸಬರು ಸೀನಿ ಸೀನಿ ಸಾಯುತ್ತಾರೆ, ನಮಗೆ ಏನೂ ಆಗುವುದಿಲ್ಲ. ಗಟ್ಟಿಯಾಗಿ ಓದಿದೆ. ಪ್ರೀತಿ ಬಹು ತಾಳ್ಮೆಯುಳ್ಳದ್ದು, ದಯೆ ತೋರಿಸುವುದು. ಚೆನ್ನಾಗಿ ಬಂತು. ಹೊಟ್ಟೆಕಿಚ್ಚು ಪಡುವುದಿಲ್ಲ, ಹೊಗಳಿಕೊಳ್ಳುವುದಿಲ್ಲ. ಅದೂ ಬಂತು. ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ. ಇಲ್ಲಿ ಉಗುಳು ನುಂಗಿದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ, ಮತ್ತೆ ಅಲ್ಲೇ ನಿಂತೆ. ಮೂರನೇ ಸಲಕ್ಕೆ ಚೀಲದ ಹಿಂದಿನಿಂದ ಒಬ್ಬ ಹಿರಿಯ ಹಮಾಲರು, ಸಾಬರು, ಕಣ್ಣು ಬಿಡದೆಯೇ ಕೇಳಿದರು, ‘ಏನ್ ಗುಮಾಸ್ತರೇ, ಟೋಟಲ್ ತಪ್ಪಿತೇನು?’

ಆ ವಾರ ನಮ್ಮ ಚರ್ಚಿನ ಪಾದ್ರಿ ಅಯ್ಯನವರನ್ನು ಕಂಡೆ. ಹೊಸಬರು, ಸಣ್ಣ ವಯಸ್ಸು, ಸೆಮಿನರಿಯಲ್ಲಿ ಗ್ರೀಕ್ ಓದಿ ಬಂದವರು. ಆ ಸಾಲಿನಲ್ಲಿ ನನ್ನ ನಾಲಿಗೆ ತೊಡರುತ್ತದೆ ಅಂತ ಮಾತ್ರ ಹೇಳಿದೆ, ಕಾರಣ ಹೇಳಲಿಲ್ಲ. ಅವರು ನಕ್ಕು, ‘ನಿಮಗೆ ತೊಡರಬೇಕು ಅಣ್ಣಾ, ಅದು ನಿಮ್ಮ ಕಸುಬಿನ ಮಾತು’ ಅಂದರು. ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ ಅನ್ನುವ ಕಡೆ ಪೌಲ ಬಳಸಿದ ಗ್ರೀಕ್ ಪದ ಲೊಗಿಜೊಮಾಯ್. ಲೆಕ್ಕ ಹಾಕುವುದು, ಖಾತೆಗೆ ಹಚ್ಚುವುದು ಅಂತ ಅರ್ಥ. ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಒಂದರಲ್ಲೇ ಅದು 11 ಸಲ ಬರುತ್ತದಂತೆ, ಅಬ್ರಹಾಮನ ನಂಬಿಕೆಯನ್ನು ದೇವರು ನೀತಿಯೆಂದು ಎಣಿಸಿದ ಅನ್ನುವ ಜಾಗದಲ್ಲಿ. ಅಂದರೆ ಪೌಲನಿಗೆ ಲೆಕ್ಕದ ಮೇಲೆ ಸಿಟ್ಟಿಲ್ಲ. ಬೇಕಾದ ಕಡೆ ಜಮಾ ಮಾಡುತ್ತಾನೆ. ಆದರೆ ಪ್ರೀತಿ ಬಂದ ಕಡೆ, ಕೆಟ್ಟದ್ದನ್ನು ಖಾತೆಗೆ ಹಚ್ಚುವುದಿಲ್ಲ ಅನ್ನುತ್ತಾನೆ.

ಇನ್ನೊಂದು ವಿಷಯವನ್ನೂ ಅವರೇ ಹೇಳಿದರು. ಕನ್ನಡದಲ್ಲಿ ಓದುವಾಗ ಪ್ರೀತಿಗೆ ಗುಣಗಳ ಪಟ್ಟಿ ಕೊಟ್ಟಂತೆ ಕಾಣುತ್ತದೆ. ಗ್ರೀಕಿನಲ್ಲಿ ಆ ನಾಲ್ಕು ವಚನದಲ್ಲಿ ಇರುವುದೆಲ್ಲಾ ಕ್ರಿಯಾಪದ, ಒಟ್ಟು 15. ಪ್ರೀತಿ ಹೇಗಿದೆ ಅಂತ ಅಲ್ಲ, ಪ್ರೀತಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ. ನಾನು ಮನೆಗೆ ಹೋಗಿ ಬೆರಳಲ್ಲಿ ಎಣಿಸಿದೆ. ಎಣಿಸುವುದು ರೂಢಿ, ಏನು ಮಾಡುವುದು. 15ರಲ್ಲಿ 7 ಮಾಡುವಂಥವು, 8 ಮಾಡದೇ ಇರುವಂಥವು. ಬೇಡದ್ದು ಒಂದು ಜಾಸ್ತಿ.

ಆವತ್ತು ಡಿಸೆಂಬರ್ 31. ರಾತ್ರಿ ಆರಾಧನೆಗೆ ಇನ್ನೂ ಎರಡು ಗಂಟೆ ಇತ್ತು. ರೂಢಿಯಂತೆ ಪುಸ್ತಕ ತೆಗೆದೆ. 12 ವರ್ಷದ ಬಡ್ಡಿ 2,59,200. ಅಸಲು ಸೇರಿ 4,39,200. ಬರೆದು ಗೆರೆ ಎಳೆದ ಮೇಲೆ ಕಣ್ಣು ಬಲಗಡೆ ಹೋಯಿತು. ಬಲಗಡೆ, ಅಂದರೆ ಜಮಾ ಬದಿ, ಪೂರ್ತಿ ಖಾಲಿ. 12 ವರ್ಷದಲ್ಲಿ ಒಂದು ಅಂಕಿ ಇಲ್ಲ.

ಲೆಕ್ಕದವನಿಗೆ ಅದು ಕಿರಿಕಿರಿ. ಇಟಲಿಯ ಪಾಚಿಯೋಲಿ ಅನ್ನುವ ಸನ್ಯಾಸಿ 1494ರಲ್ಲೇ ಅಚ್ಚು ಹಾಕಿಸಿಟ್ಟಿದ್ದಾರೆ, ಒಂದು ಕಡೆ ಬರೆದರೆ ಇನ್ನೊಂದು ಕಡೆಯೂ ಬರೆಯಬೇಕು ಅಂತ. ನಾನು ಅಂಗಡಿಯ ಹುಡುಗರಿಗೆ ಇದನ್ನೇ ಕಲಿಸುತ್ತೇನೆ. ಯಾರಾದರೂ ನಾವೆ ಮಾತ್ರ ಬರೆದ ಖಾತೆ ತಂದರೆ ಮುಖಕ್ಕೆ ಎಸೆಯುತ್ತೇನೆ. ಹಾಗಿರುವಾಗ ಜಮಾಕ್ಕೆ ಏನಾದರೂ ಇದೆಯಾ ನೋಡೋಣ ಅಂತ ಸುಮ್ನೆ ಯೋಚಿಸಿದೆ. ನಿಜವಾಗಿಯೂ ಸುಮ್ನೆ.

ಅವ್ವ ಐದು ವರ್ಷದಿಂದ ಅಲ್ಲಿ ಹಾಸಿಗೆ ಹಿಡಿದಿದ್ದಾಳೆ. ಅವಳಿಗೆ ನಾವಿಬ್ಬರೇ ಮಕ್ಕಳು. ಅವಳನ್ನು ಎಬ್ಬಿಸುವುದು, ತೊಳೆಯುವುದು, ಉಣಿಸುವುದು ಎಲ್ಲಾ ನಮ್ಮ ಅತ್ತಿಗೆ. ಹಿಂದೊಮ್ಮೆ ನಾನು ಮನೆಗೆ ಬರುವ ಆಯಾ ಒಬ್ಬರನ್ನು ವಿಚಾರಿಸಿದ್ದೆ, 12 ಗಂಟೆಗೆ 600 ಕೇಳಿದ್ದರು. ಜಾಸ್ತಿಯಾಯಿತು ಅಂತ ಬಿಟ್ಟಿದ್ದೆ. ಈಗ ಅದೇ ರೇಟು ಹಿಡಿದೆ. ರಾತ್ರಿ ಪಾಳಿ ಬಿಟ್ಟೆ, ಹಗಲು ಮಾತ್ರ. 600ರಂತೆ 365 ದಿನ, ವರ್ಷಕ್ಕೆ 2,19,000. ಐದು ವರ್ಷಕ್ಕೆ 10,95,000. ನನ್ನ ಪಾಲು ಅರ್ಧ, 5,47,500. ಅದರಲ್ಲಿ ಅಣ್ಣನ ಬಾಕಿ 4,39,200 ಕಳೆದರೆ 1,08,300.

ಅಷ್ಟು ನಾನು ಅಣ್ಣನಿಗೆ ಕೊಡಬೇಕು.

ಎರಡು ಸಲ ಕೂಡಿದೆ. ಕ್ಯಾಲ್ಕುಲೇಟರಿನಲ್ಲೂ ನೋಡಿದೆ. ಹೆಂಡತಿ ಸೀರೆ ಉಟ್ಟು ಬಂದು ‘ಹೊರಡೋಣವಾ?’ ಅಂದಳು, ನಾನು ಇನ್ನೂ ಬನಿಯನ್ನಿನಲ್ಲಿ ಕೂತಿದ್ದೆ.

ಇಲ್ಲಿಗೆ ನಾನು ಕರಗಿ ನೀರಾದೆ ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ಆಮೇಲೆ ಬಂದದ್ದು ವಕೀಲಿಕೆ. ಅವ್ವನ ಪಿಂಚಣಿ ಅಲ್ಲಿಗೇ ಹೋಗುತ್ತದೆ ತಾನೇ, ಆ ಹಳೇ ಮನೆಯಲ್ಲಿ ನನಗೂ ಪಾಲಿದೆ ತಾನೇ, ಬಾಡಿಗೆ ಹಿಡಿದರೆ ಎಷ್ಟಾಗುತ್ತದೆ. ಆರಾಧನೆಯಲ್ಲಿ ಕೂತು ಪೂರ್ತಿ ಇದೇ ಲೆಕ್ಕ. ಎಲ್ಲರೂ ಎದ್ದು ಹಾಡುತ್ತಿದ್ದರೆ ನಾನು ಬಾಡಿಗೆ ಹಾಕುತ್ತಿದ್ದೆ. 12 ಗಂಟೆಗೆ ಗಂಟೆ ಹೊಡೆದು ಅಕ್ಕಪಕ್ಕದವರು ಕೈಕುಲುಕಿದಾಗ ಒಂದು ವಿಷಯ ಹೊಳೆಯಿತು, ಅದು ದೇವರು ಹೇಳಿದ್ದೋ ನಿದ್ದೆಗಣ್ಣಿನದೋ ತಿಳಿಯದು. ನಾನು ಬಾಕಿದಾರನಾದ ಕೂಡಲೇ ಲೆಕ್ಕದ ಮೇಲೆ ನಂಬಿಕೆ ಹೋಗಿತ್ತು. 12 ವರ್ಷ ಅವನು ಬಾಕಿದಾರ ಆಗಿದ್ದಾಗ ಆ ಪುಸ್ತಕ ನನಗೆ ಸತ್ಯವೇದಕ್ಕಿಂತ ಸತ್ಯ.

ಮುಂದಿನ ಭಾನುವಾರ ಬಾಳೆಹಣ್ಣು ಹಿಡಿದು ಹೋದೆ. ಅಣ್ಣ ಇರಲಿಲ್ಲ, ಮದುವೆಯ ಓಡಾಟ. ಅತ್ತಿಗೆ ಅವ್ವನಿಗೆ ರಾಗಿ ಅಂಬಲಿ ಕುಡಿಸುತ್ತಿದ್ದಳು. ಒಂದು ಚಮಚ, ಬಾಯಿ ಒರೆಸುವುದು, ನುಂಗುವವರೆಗೆ ಕಾಯುವುದು, ಮತ್ತೊಂದು ಚಮಚ. ಆ ಒಂದು ಲೋಟ ಮುಗಿಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಭೇಟಿ ಯಾವಾಗಲೂ ಅರ್ಧ ಗಂಟೆಯದಾಗಿದ್ದರಿಂದ ಅದು ಮುಗಿಯುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಸುಮ್ನೆ ಕೂತಿದ್ದಕ್ಕೆ ಮಾತಿಗೆ ಮಾತು ಬೇಕಲ್ಲ, ‘ರಾತ್ರಿ ಎಷ್ಟು ಸಲ ಏಳ್ತೀರಿ ಅತ್ತಿಗೆ?’ ಅಂತ ಕೇಳಿದೆ.

ಅವಳು ಚಮಚ ಹಿಡಿದುಕೊಂಡೇ ಒಂದು ಕ್ಷಣ ಯೋಚನೆ ಮಾಡಿದಳು. ನೆನಪಿಗೆ ತಂದುಕೊಳ್ಳಲು ನಿಜವಾಗಿ ಪ್ರಯತ್ನ ಪಟ್ಟಳು. ಆಮೇಲೆ, ‘ಅದನ್ಯಾರು ಲೆಕ್ಕ ಇಟ್ಟಾರಪ್ಪ’ ಅಂದಳು.

ಇದು ವಿನಯದ ಮಾತಲ್ಲ. ನಮ್ಮತ್ತಿಗೆ ವಿನಯವಂತೆಯೇನಲ್ಲ, ನೀರಿನ ಟ್ಯಾಂಕರಿನವನ ಹತ್ತಿರ ಅವಳು ಮಾತಾಡುವುದನ್ನು ಕೇಳಬೇಕು ನೀವು. ಅವಳಿಗೆ ನಿಜವಾಗಿಯೂ ಗೊತ್ತಿಲ್ಲ. ಎದ್ದದ್ದು ಎಣಿಕೆಗೇ ಹೋಗಿಲ್ಲ.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಆಗಲೇ ನೆನಪಾಯಿತು. ಕಡೇ ದಿನದಲ್ಲಿ ಅರಸನು ಜನರನ್ನು ಬಲಗಡೆ, ಎಡಗಡೆ ಅಂತ ಎರಡು ಪಾಲು ಮಾಡುವ ಕಥೆ. ಹಸಿದಿದ್ದೆ, ಬಾಯಾರಿದ್ದೆ, ಪರದೇಶಿಯಾಗಿದ್ದೆ, ಬಟ್ಟೆ ಇರಲಿಲ್ಲ, ರೋಗಿಯಾಗಿದ್ದೆ, ಸೆರೆಮನೆಯಲ್ಲಿದ್ದೆ. ಆಗ ನೀವು ನೋಡಿಕೊಂಡಿರಾ ಅಂತ ಅರಸನು ಹಿಡಿಯುವುದು ಈ ಆರೇ ಆರು. ಎಷ್ಟು ಭಾನುವಾರ ಬಂದೆ, ದಶಮಭಾಗ ಕೊಟ್ಟೆಯಾ, ಯಾವ ಸಭೆಯವನು, ಒಂದನ್ನೂ ಕೇಳುವುದಿಲ್ಲ. ಚಿಕ್ಕಂದಿನಿಂದ ಭಾನುವಾರ ಶಾಲೆಯಲ್ಲಿ ಕುರಿ, ಆಡು ಅಂತ ಬಣ್ಣ ಹಚ್ಚಿದ ಕಥೆ. ಆದರೆ ಬಲಗಡೆಯವರು ಕೇಳುವ ಪ್ರಶ್ನೆಯ ಮೇಲೆ ಅಲ್ಲಿವರೆಗೆ ನನಗೆ ಗಮನ ಹೋಗಿರಲಿಲ್ಲ. ಅರಸನು ನೀವು ಇದನ್ನೆಲ್ಲಾ ನನಗೆ ಮಾಡಿದಿರಿ ಅಂದಾಗ ಅವರು ಹೌದು ಸ್ವಾಮಿ ಅನ್ನುವುದಿಲ್ಲ. ಯಾವಾಗ? ಯಾವಾಗ ಮಾಡಿದೆವು? ಅಂತ ಕಕ್ಕಾಬಿಕ್ಕಿಯಾಗುತ್ತಾರೆ. ಅವರ ಹತ್ತಿರ ದಾಖಲೆ ಇಲ್ಲ. ಎಡಗಡೆಯವರೂ ಅದೇ ಪ್ರಶ್ನೆ ಕೇಳುತ್ತಾರೆ, ನೀನು ಅಂತ ಗೊತ್ತಿದ್ದರೆ ಮಾಡುತ್ತಿದ್ದೆವಲ್ಲ ಅನ್ನುವ ಧಾಟಿಯಲ್ಲಿ. ಅಂದರೆ ಬದುಕನ್ನು ತೂಗುವುದು ಪ್ರೀತಿಯಲ್ಲೇ, ಅದರಲ್ಲಿ ಅನುಮಾನ ಇಲ್ಲ, ಆದರೆ ಆ ತಕ್ಕಡಿಯ ಮುಳ್ಳು ನಮ್ಮ ಕಡೆ ತಿರುಗಿಲ್ಲ. ನೋಡಿಕೊಂಡು ಹಾಕಲಿಕ್ಕೆ ಬರುವುದಿಲ್ಲ. ಲೆಕ್ಕದವನಿಗೆ ಇದಕ್ಕಿಂತ ಹೆದರಿಕೆಯ ಮಾತು ಇನ್ನೊಂದಿಲ್ಲ.

ಕೆಟ್ಟದ್ದನ್ನು ಖಾತೆಗೆ ಹಚ್ಚುವುದಿಲ್ಲ ಅಂತ ಪೌಲ ಹೇಳಿದ. ಅತ್ತಿಗೆ ಒಳ್ಳೆಯದನ್ನೂ ಹಚ್ಚಿಲ್ಲ.

ಒಂದು ಮಾತು ಇಲ್ಲಿ ಹೇಳದೇ ಹೋದರೆ ತಪ್ಪಾಗುತ್ತದೆ. ಈ ಅಧ್ಯಾಯವನ್ನು ಹಿಡಿದು ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಂಡ ಕುಡಿದು ಹೊಡೆದು ತಲೆ ಒಡೆದಿರುತ್ತಾನೆ, ಹಿರಿಯರು ಬಂದು ಪ್ರೀತಿ ಎಲ್ಲವನ್ನೂ ಸಹಿಸಿಕೊಳ್ಳುತ್ತದಮ್ಮಾ ಅಂತ ಹೇಳಿ, ಟೀ ಕುಡಿದು ಹೋಗುತ್ತಾರೆ. ಅದೇ ಪಟ್ಟಿಯಲ್ಲಿ, ಎಲ್ಲವನ್ನೂ ಸಹಿಸಿಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಸಾಲು ಮುಂಚೆ, ಪ್ರೀತಿ ಅನ್ಯಾಯಕ್ಕೆ ಸಂತೋಷ ಪಡುವುದಿಲ್ಲ, ಸತ್ಯಕ್ಕೆ ಸಂತೋಷ ಪಡುತ್ತದೆ ಅಂತ ಇದೆ. ಅದನ್ನು ಯಾರೂ ಓದಿ ಹೇಳುವುದಿಲ್ಲ. ಅಂಥವರು ಲೆಕ್ಕ ಇಡಲಿ, ತಾರೀಖು ಹಾಕಿ ಇಡಲಿ, ಬೇಕಾದರೆ ಸ್ಟೇಷನ್ನಿಗೂ ಹೋಗಲಿ. ನಾನು ಹೇಳುತ್ತಿರುವುದು ನನ್ನಂಥವರ ಲೆಕ್ಕದ ಬಗ್ಗೆ. ತಲೆ ಒಡೆಯದೆ, ಅಹಂಕಾರಕ್ಕೆ ಮಾತ್ರ ಪೆಟ್ಟು ಬಿದ್ದು, ಅದನ್ನು ಬಡ್ಡಿ ಹಾಕಿ ಸಾಕುವವರ ಲೆಕ್ಕ. ಹೆಂಡತಿಯ ಬಳೆ ಹೋದದ್ದು ನಿಜ, ಅದು ಸಣ್ಣದಲ್ಲ. ಆದರೆ ವಿಚಿತ್ರ ನೋಡಿ, ಬಳೆ ಕಳೆದುಕೊಂಡವಳು ಅತ್ತಿಗೆಯ ಜೊತೆ ಒಂದು ದಿನವೂ ಮಾತು ಬಿಟ್ಟಿರಲಿಲ್ಲ.

ಮದುವೆ ಚೆನ್ನಾಗಿ ನಡೆಯಿತು. ಜನವರಿಯ ಬೆಳಗ್ಗೆ ಬಳ್ಳಾರಿ ಸ್ವರ್ಗ, ಬೇಸಿಗೆಯಲ್ಲಿ ಬಂದು ನೋಡಬೇಡಿ. ನಾನು ಓದಿದೆ. ಆ ಸಾಲು ಬಂದಾಗ ನಿಲ್ಲಲಿಲ್ಲ, ಧ್ವನಿ ಸ್ವಲ್ಪ ಇಳಿಯಿತು ಅಷ್ಟೇ. ಮುಂದಿನ ಸಾಲಿನಲ್ಲಿ ಅಣ್ಣ ಕೂತಿದ್ದ, ಹೊಸ ಬಿಳಿ ಅಂಗಿ, ಕಾಲರ್ ಕುತ್ತಿಗೆ ಒತ್ತುತ್ತಿತ್ತು ಅನಿಸುತ್ತದೆ, ಬೆರಳು ಹಾಕಿ ಎಳೆದುಕೊಳ್ಳುತ್ತಿದ್ದ. ನನ್ನ ಕಡೆ ನೋಡಲಿಲ್ಲ. ನಾನೂ ಪುಸ್ತಕ ಬಿಟ್ಟು ಕಣ್ಣೆತ್ತಲಿಲ್ಲ.

ಅಯ್ಯನವರ ಪ್ರಸಂಗ ಚೆನ್ನಾಗಿತ್ತು. ಈ ಅಧ್ಯಾಯ ಮದುವೆಗೆ ಬರೆದದ್ದೇ ಅಲ್ಲ ಅಂದರು. ಕೊರಿಂಥದ ಸಭೆ ಒಡೆದ ಸಭೆ. ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಅಂತ ಗುಂಪು. ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದರು. ಕರ್ತನ ಭೋಜನಕ್ಕೆ ಸೇರಿದರೆ ಇದ್ದವರು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು, ಕೂಲಿಯವರು ಕೆಲಸ ಮುಗಿಸಿ ಬರುವಷ್ಟರಲ್ಲಿ ಹಸಿವೇ ಗತಿ. ಆ ಊರು ಕಂಚಿಗೆ ಹೆಸರಾಗಿತ್ತು, ಅಲ್ಲಿನವರಿಗೆ ಬರೆಯುತ್ತಾ ಪೌಲ, ಪ್ರೀತಿ ಇಲ್ಲದಿದ್ದರೆ ನಾನು ನಾದಕೊಡುವ ಕಂಚು ಅಂತ ಶುರು ಮಾಡುತ್ತಾನೆ. ಅವರ ಅಂಗಡಿಯ ಮಾಲನ್ನೇ ಎತ್ತಿ ತೋರಿಸಿದ ಹಾಗೆ. ನಮಗೆ ಬರೆದಿದ್ದರೆ ಅದಿರು ಅನ್ನುತ್ತಿದ್ದನೋ ಏನೋ. ಇಷ್ಟು ಒಳ್ಳೆಯ ಪ್ರಸಂಗ ಕೇಳಿ ಹೊರಗೆ ಬಂದರೆ ಊಟದ ಶಾಮಿಯಾನದಲ್ಲಿ ಮೊದಲ ಪಂಕ್ತಿ ಪೂರ್ತಿ ದೊಡ್ಡವರಿಗೆ ಅಂತ ಹಗ್ಗ ಕಟ್ಟಿದ್ದರು. ನಗುವುದೋ ಅಳುವುದೋ.

ನಾನು ಮೂರನೇ ಪಂಕ್ತಿಯಲ್ಲಿ ಕೂತೆ. ಅಣ್ಣ ಬಕೆಟ್ ಹಿಡಿದು ಬಡಿಸುತ್ತಿದ್ದ. ನನ್ನ ಎಲೆಯ ಹತ್ತಿರ ಬಂದಾಗ ಕೇಳಲಿಲ್ಲ, ಹೇಳಲಿಲ್ಲ, ಕುರ್ಮಾ ಎರಡು ಸೌಟು ಹಾಕಿ ಮುಂದೆ ಹೋದ. ಎಲ್ಲರಿಗೂ ಒಂದೇ ಸೌಟು. ಪಕ್ಕದವರ ಎಲೆ ನೋಡಿದೆ, ಅದಕ್ಕೇ ಗೊತ್ತು.

ಮದುವೆ ಮುಗಿದ ವಾರ ಪೌಲ ಫಿಲೆಮೋನನಿಗೆ ಬರೆದ ಪತ್ರ ಓದುತ್ತಾ ಕೂತಿದ್ದೆ. 25 ವಚನದ ಪುಟ್ಟ ಪತ್ರ, ಒಂದು ಟೀ ಆರುವಷ್ಟರಲ್ಲಿ ಮುಗಿಯುತ್ತದೆ. ಒನೇಸಿಮ ಅನ್ನುವ ದಾಸನನ್ನು ಪೌಲ ಅವನ ಯಜಮಾನ ಫಿಲೆಮೋನನ ಹತ್ತಿರ ವಾಪಸ್ ಕಳಿಸುತ್ತಾನೆ, ದಾಸ ಅಂತಲ್ಲ, ಪ್ರಿಯ ಸಹೋದರ ಅಂತ ಸೇರಿಸಿಕೋ ಅನ್ನುತ್ತಾನೆ. ಆಮೇಲೆ, ಅವನಿಂದ ನಿನಗೆ ನಷ್ಟವಾಗಿದ್ದರೆ, ಸಾಲ ಏನಾದರೂ ಇದ್ದರೆ, ನನ್ನ ಲೆಕ್ಕಕ್ಕೆ ಹಾಕು. ಪೌಲನೆಂಬ ನಾನೇ ಸ್ವಂತ ಕೈಯಿಂದ ಬರೆದಿದ್ದೇನೆ, ನಾನೇ ತೀರಿಸುತ್ತೇನೆ. ಅಂದರೆ ಜಾಮೀನು! ಸಹಿ ಸಮೇತ! ಅದೂ ಸೆರೆಯಲ್ಲಿ ಕೂತವನು, ಕೈಯಲ್ಲಿ ಕಾಸಿಲ್ಲದವನು ಹಾಕಿದ ಜಾಮೀನು. ಅದರ ಬೆನ್ನಿಗೇ, ನೀನೇ ನನಗೆ ಬಾಕಿ ಇದ್ದೀಯ ಅಂತ ನಾನೇನೂ ಹೇಳುವುದಿಲ್ಲ ಬಿಡು, ಅನ್ನುತ್ತಾನೆ. ಹೇಳುವುದಿಲ್ಲ ಅಂತ ಹೇಳಿಯೇ ಬಿಡುತ್ತಾನೆ. ಪೌಲನೂ ಮನುಷ್ಯ ಅಂತ ಬಹಳ ಖುಷಿಯಾಯಿತು ನನಗೆ.

ನಾನೂ ಸಹಿ ಹಾಕಿದ್ದೆನಲ್ಲ. ಯಾರೂ ಕೈ ಹಿಡಿದು ಹಾಕಿಸಿರಲಿಲ್ಲ. ಅಣ್ಣನ ಮೇಲಿನ ಪ್ರೀತಿಗೆ ಹಾಕಿದ್ದೆ. ಪ್ರೀತಿಗೆ ಹಾಕಿದ್ದನ್ನು ಆಮೇಲೆ ಬಡ್ಡಿ ವ್ಯವಹಾರ ಮಾಡಿಕೊಂಡವನು ನಾನು. ಒಂದು ಸಲ ಬಂದು ಹೇಳಬಹುದಿತ್ತು ಅಂತ ಅವನ ಮೇಲೆ ನನಗೆ ಈಗಲೂ ಬೇಜಾರಿದೆ. ಅದು ಹೋಗಿಲ್ಲ.

ಪುಟ ಹರಿದು ಹಾಕಿದೆಯಾ ಅಂತ ಹೆಂಡತಿ ಕೇಳಿದಳು. ಇಲ್ಲ. ಖಾತೆ ಪುಸ್ತಕದ ಹಾಳೆ ಹರಿಯುವುದು ನಮ್ಮ ಕಸುಬಿನಲ್ಲಿ ಮಹಾಪಾಪ, ಪುಟದ ನಂಬರು ತಪ್ಪುತ್ತದೆ. ಆದರೆ 2025ರ ಡಿಸೆಂಬರ್ 31ಕ್ಕೆ ಅದನ್ನು ತೆರೆಯಲಿಲ್ಲ. ಆವತ್ತು ಸಂಜೆ ನಾನು ಕೌಲ್ ಬಜಾರಿನಲ್ಲಿದ್ದೆ.

ಅದಕ್ಕೂ ಮುಂಚೆ, ಮಾರ್ಚಿನಲ್ಲೇ, ಅತ್ತಿಗೆಗೆ ಹೇಳಿದ್ದೆ, ಶನಿವಾರ ರಾತ್ರಿ ನಾನು ಇರ್ತೀನಿ, ನೀವು ಮಲಗಿ ಅಂತ. ಅವಳು ನಂಬಲಿಲ್ಲ. ‘ನಿನಗೆ ಆಗೋದಿಲ್ಲಪ್ಪ’ ಅಂದಳು. ಆದರೂ ಹೋದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು ಅವ್ವನ ಮಂಚದ ಪಕ್ಕ ಚಾಪೆ ಹಾಸಿದೆ. ಮೊದಲ ಅಲಾರಾಂ ಹೊಡೆಯುವ ಮುಂಚೆಯೇ ಅವ್ವ ಎಬ್ಬಿಸಿದಳು. ಕರೆದದ್ದು ಅಣ್ಣನ ಹೆಸರು. ನಾನು ಅಂತ ಹೇಳಲು ಹೋಗಿ ಬಿಟ್ಟೆ.

ಅವಳನ್ನು ಗೋಡೆ ಕಡೆ ತಿರುಗಿಸಬೇಕಿತ್ತು. ಕೈ ಹಿಡಿದು ಎಳೆದೆ, ಅವ್ವ ಅಯ್ಯೋ ಅಂದಳು. ಸೊಂಟ ಹಿಡಿದೆ, ಅರ್ಧ ತಿರುಗಿ ವಾಪಸ್ ಬಂದಳು. ಚೀಲ ಎತ್ತುವುದನ್ನು 26 ವರ್ಷ ನೋಡಿದ್ದೇನೆ, ಎತ್ತಿಲ್ಲ. ಬೆವರು ಇಳಿಯಿತು. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಅಣ್ಣ. ಲುಂಗಿ, ಬನಿಯನ್ನು, ನಿದ್ದೆಗಣ್ಣು. ಎಷ್ಟು ಹೊತ್ತಿನಿಂದ ನಿಂತಿದ್ದನೋ.

‘ಹಂಗಲ್ಲ’ ಅಂದ. ‘ಹೆಗಲ ಕೆಳಗೆ ಕೈ ಹಾಕು. ಇನ್ನೊಂದು ಮೊಣಕಾಲಿಗೆ.’

ಹಾಕಿದೆ. ಅವನು ಆ ಕಡೆಯಿಂದ ದಿಂಬು ಒತ್ತಿ ಹಿಡಿದ.